ನೋಮ್‌ಗೆ ಬರಬೇಕಿದ್ದ ಕೊನೇ ಬಾರ್ಜ್

ಅಲಾಸ್ಕಾದ ನೋಮ್ ಅನ್ನೋ ಊರಿಗೆ ಹೊರಗಿಂದ ಬರೋಕೆ ಒಂದು ರೋಡೂ ಇಲ್ಲ. ಊರಿಂದ ಹೊರಗೆ ಮೂರು ರೋಡ್ ಹೊರಡ್ತವೆ, ಒಂದು ಟೆಲ್ಲರ್ ಅನ್ನೋ ಹಳ್ಳಿಗೆ, ಒಂದು ಕೌನ್ಸಿಲ್ ಕಡೆಗೆ, ಇನ್ನೊಂದು ಕೂಗರಾಕ್ ನದಿ ಕಡೆಗೆ, ಮೂರೂ ತಲಾ ನೂರು ಕಿಲೋಮೀಟರ್ ಮೇಲೆ ಹೋಗಿ ಅಲ್ಲೇ ನಿಂತುಬಿಡ್ತವೆ, ಮುಂದೆ ಯಾವ ಹೈವೇಗೂ ಸೇರಲ್ಲ. ಚಳಿಗಾಲದಲ್ಲಿ ಅವುಗಳ ಬಹುಪಾಲು ದೂರಕ್ಕೆ ಹಿಮ ತೆಗೆಯೋ ಗಾಡಿನೂ ಹೋಗಲ್ಲ, ಮತ್ತೆ ಬೇಸಿಗೆ ಬರೋವರೆಗೂ ಬಂದ್. ಆಂಕರೇಜ್ ಸುಮಾರು 870 ಕಿಮೀ ದೂರ, ಹೋಗ್ಬೇಕಂದ್ರೆ ವಿಮಾನ. ಭಾರದ ಸಾಮಾನು, ಸಿಮೆಂಟು, ಕಾರು, ಎಲ್ಲಕ್ಕಿಂತ ಮುಖ್ಯವಾಗಿ ಡೀಸೆಲ್ಲು ಪೆಟ್ರೋಲು, ಇವೆಲ್ಲ ಬರೋದು ಸಮುದ್ರದಲ್ಲಿ ಬಾರ್ಜ್ ಮೇಲೆ, ಅಂದ್ರೆ ಟಗ್ ಬೋಟ್ ಎಳ್ಕೊಂಡು ಬರೋ ಚಪ್ಪಟೆ ತಳದ ಸರಕು ದೋಣಿ. ಆ ಸಮುದ್ರ ನವೆಂಬರ್ ಹೊತ್ತಿಗೆ ಹೆಪ್ಪುಗಟ್ಟೋಕೆ ಶುರುವಾದ್ರೆ ಮತ್ತೆ ಬಿಡೋದು ಮೇ ಕೊನೆ, ಜೂನ್.

ನಾನು ಡೀಸೆಲ್ ಸ್ಟಾಕ್ ನೋಡ್ಕೊಳ್ಳೋ ಕೆಲಸದಲ್ಲಿ ಇರೋನು. ಬೆಳಗ್ಗೆ ಬಂದ ತಕ್ಷಣ ಟ್ಯಾಂಕಿಗೆ ಡಿಪ್ ರಾಡ್ ಇಳಿಸಿ, ಒದ್ದೆ ಗುರುತು ಎಲ್ಲಿವರೆಗೆ ಬಂತು ಅಂತ ನೋಡಿ ಪುಸ್ತಕದಲ್ಲಿ ಬರೆಯೋದು ಅಭ್ಯಾಸ ಆಗೋಗಿದೆ. ಘಾಟಿ ಕುಸಿದು ಟ್ಯಾಂಕರ್ ಲಾರಿ ಎರಡು ದಿನ ತಡ ಆದ್ರೆ ಆ ಗುರುತು ಕೆಳಗಿಳಿಯೋದು ನೋಡ್ತಾ ನೋಡ್ತಾ ನಿದ್ದೆ ಬರಲ್ಲ. ಅದಕ್ಕೇ ನೋಮ್‌ನ 2011-12ರ ಚಳಿಗಾಲದ ಕತೆ ನನ್ನನ್ನ ಹಿಡಿದು ಕೂರಿಸ್ತು, ಅಲ್ಲಿ ತಡ ಅಂದ್ರೆ ಎರಡು ದಿನ ಅಲ್ಲ, ಆರು ತಿಂಗಳು. ಇದನ್ನ ಪೂರ್ತಿ ಒಂದು ಪ್ರಕರಣದ ಹಾಗೆ ಬರೆದು ಇಡೋಣ ಅನ್ನಿಸ್ತು.

ಮೊದಲು ಊರಿನ ಪರಿಸ್ಥಿತಿ. 2010ರ ಜನಗಣತಿ ಪ್ರಕಾರ ನೋಮ್‌ನಲ್ಲಿ 3,598 ಜನ. ಅರ್ಧಕ್ಕಿಂತ ಹೆಚ್ಚು ಜನ ಅಲಾಸ್ಕಾದ ಮೂಲನಿವಾಸಿಗಳು, ಅದರಲ್ಲಿ ಇನ್ಯುಪಿಯಾಟ್ ಜನ ಜಾಸ್ತಿ. 1898ರಲ್ಲಿ ಚಿನ್ನ ಸಿಕ್ಕಿ ಬೆಳೆದ ಊರು. ಕರೆಂಟ್ ಮುಖ್ಯವಾಗಿ ಡೀಸೆಲ್ ಜನರೇಟರಿಂದ, ಊರ ಹತ್ರ ಗುಡ್ಡದ ಮೇಲೆ ಒಂದಷ್ಟು ಸಣ್ಣ ಗಾಳಿಯಂತ್ರ ಇದ್ರೂ ಅವುಗಳಿಂದ ಊರು ನಡೆಯಲ್ಲ. ಮನೆ ಬೆಚ್ಚಗಿಡೋದಕ್ಕೂ ಎಣ್ಣೆನೇ. ಜನವರಿಯಲ್ಲಿ ಮೈನಸ್ 30 ಡಿಗ್ರಿ ಆಸುಪಾಸಿಗೆ ಇಳಿಯೋ ಜಾಗದಲ್ಲಿ ಹೀಟರ್ ಎಣ್ಣೆ ಖಾಲಿ ಅಂದ್ರೆ ಬರೀ ಚಳಿ ಅಲ್ಲ, ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತೆ, ಮನೆನೇ ಹಾಳಾಗುತ್ತೆ, ವಯಸ್ಸಾದವರು ಮಕ್ಕಳು ಇರೋ ಮನೆ ಆದ್ರೆ ಜೀವಕ್ಕೇ ಅಪಾಯ. ಊರಿನ ಟ್ಯಾಂಕ್‌ಗಳು ಬೇಸಿಗೆ ಮತ್ತು ಶರತ್ಕಾಲದಲ್ಲಿ ತುಂಬಿದ್ರೆ ಆ ಸ್ಟಾಕಲ್ಲೇ ಚಳಿಗಾಲ ಪೂರ್ತಿ ಕಳೀಬೇಕು. ಕೊನೇ ಬಾರ್ಜ್ ಬರೋದು ಅಕ್ಟೋಬರ್ ನವೆಂಬರ್ ಹೊತ್ತಿಗೆ, ಅದು ಬಂದ್ರೆ ಎಲ್ಲರೂ ಉಸಿರು ಬಿಡ್ತಾರೆ.

2011ರಲ್ಲಿ ಆ ಕೊನೇ ಬಾರ್ಜ್ ಬರ್ಲಿಲ್ಲ.

ಮೊದಲೇ ತಡ ಆಗಿತ್ತು, ತಡ ಆಗಿರೋವಾಗ ನವೆಂಬರ್ 8, 9ಕ್ಕೆ ಬೇರಿಂಗ್ ಸಮುದ್ರದಲ್ಲಿ ಭಾರಿ ಬಿರುಗಾಳಿ ಎದ್ದಿತು, ಅಲಾಸ್ಕಾದ ಪಶ್ಚಿಮ ಕರಾವಳಿಯಲ್ಲಿ ಸುಮಾರು ನಲವತ್ತು ವರ್ಷದಲ್ಲಿ ಕಾಣದಷ್ಟು ಜೋರಿನದು, 1974ರ ಬಿರುಗಾಳಿ ಜೊತೆ ಹೋಲಿಸಿ ಮಾತಾಡ್ತಿದ್ರು. ದಡದ ಹತ್ರ ಗಟ್ಟಿ ಮಂಜುಗಡ್ಡೆ ಇನ್ನೂ ಕಟ್ಟಿರಲಿಲ್ಲ, ಕಟ್ಟಿದ್ದಿದ್ರೆ ಅದು ಗೋಡೆ ಥರ ಅಲೆ ತಡೀತಿತ್ತು, ಹಂಗಾಗಿ ನೀರು ಸೀದಾ ದಡಕ್ಕೆ ನುಗ್ಗಿತು. ಬಾರ್ಜ್ ಮುಂದೆ ಹೋಗೋ ಮಾತೇ ಇಲ್ಲ. ಗಾಳಿ ನಿಂತು ಎಲ್ಲ ಸರಿಹೋಗೋ ಹೊತ್ತಿಗೆ ಸಮುದ್ರ ಗಟ್ಟಿಯಾಗ್ತಾ ಬಂತು. ಮಂಜುಗಡ್ಡೆ ಮಧ್ಯೆ ಹೋಗೋಕೆ ಮಾಮೂಲಿ ಬಾರ್ಜಿಗೆ ಆಗಲ್ಲ, ಎಳ್ಕೊಂಡು ಹೋಗೋ ಟಗ್ ಬೋಟಿಗೂ ಆಗಲ್ಲ. ಬಾಗಿಲು ಮುಚ್ಚಿದ ಹಾಗಾಯ್ತು.

ಊರಲ್ಲಿ ಎಣ್ಣೆ ಮಾರೋ ಕಂಪನಿಗಳಲ್ಲಿ ಒಂದು ಬೊನಾಂಜಾ ಫ್ಯುಯಲ್, ಅದು ಸಿಟ್ನಾಸುವಾಕ್ ನೇಟಿವ್ ಕಾರ್ಪೊರೇಷನ್‌ದು, ಅಂದ್ರೆ ಮೂಲನಿವಾಸಿಗಳೇ ಷೇರುದಾರರಾಗಿರೋ ಸಂಸ್ಥೆ. ಬರದೇ ಇದ್ದಿದ್ದು ಅವರ ಸರಕು. ಲೆಕ್ಕ ಹಾಕಿ ನೋಡಿದಾಗ ಇರೋ ಸ್ಟಾಕು ಮಾರ್ಚ್ ಏಪ್ರಿಲ್ ಹೊತ್ತಿಗೆ ತಳ ಕಾಣುತ್ತೆ, ಮುಂದಿನ ಬಾರ್ಜ್ ಮೇ ಕೊನೆಗೋ ಜೂನಿಗೋ. ಮಧ್ಯದ ಆ ಎರಡು ತಿಂಗಳು ಏನ್ಮಾಡೋದು?

ಒಂದು ದಾರಿ ವಿಮಾನ. ಅಲಾಸ್ಕಾದ ಒಳನಾಡಿನ ಎಷ್ಟೋ ಹಳ್ಳಿಗೆ ಎಣ್ಣೆ ವಿಮಾನದಲ್ಲೇ ಹೋಗುತ್ತೆ, ಅದೇನೂ ಹೊಸದಲ್ಲ. ಆದ್ರೆ ಒಂದು ಟ್ರಿಪ್ಪಿಗೆ 4,000ದಿಂದ 5,000 ಗ್ಯಾಲನ್, ಅಂದ್ರೆ ಹದಿನೈದರಿಂದ ಹತ್ತೊಂಬತ್ತು ಸಾವಿರ ಲೀಟರ್ ಅಷ್ಟೇ. ನೋಮ್‌ಗೆ ಬೇಕಾಗಿದ್ದು 13 ಲಕ್ಷ ಗ್ಯಾಲನ್, ಲೀಟರ್ ಲೆಕ್ಕದಲ್ಲಿ 49 ಲಕ್ಷ. ನಮ್ಮ ಕಡೆ ಓಡಾಡೋ 12,000 ಲೀಟರ್ ಟ್ಯಾಂಕರ್ ಲಾರಿ ಲೆಕ್ಕಕ್ಕೆ ತಂದ್ರೆ ನಾನೂರಕ್ಕೂ ಹೆಚ್ಚು ಲಾರಿ. ವಿಮಾನದಲ್ಲಿ ತರಬೇಕಂದ್ರೆ ಮುನ್ನೂರರ ಆಸುಪಾಸು ಟ್ರಿಪ್, ಅದೂ ಕತ್ತಲು, ಮಂಜು, ಗಾಳಿ ಇರೋ ಕಾಲದಲ್ಲಿ. ರೇಟು ಗ್ಯಾಲನ್‌ಗೆ 9 ಡಾಲರ್ ಮುಟ್ಟಬಹುದು ಅಂತ ಅಂದಾಜು ಮಾಡಿದ್ರು, ಆಗಿನ ಡಾಲರ್ ಬೆಲೆಗೆ ಲೀಟರಿಗೆ 120 ರೂಪಾಯಿಗಿಂತ ಮೇಲೆ. ತರೋಕೆ ಆಗಲ್ಲ ಅಂತಲ್ಲ, ತಂದ ಎಣ್ಣೆ ಕೊಳ್ಳೋಕೆ ಜನರ ಕೈಲಿ ಆಗಬೇಕಲ್ಲ.

ಇನ್ನೊಂದು ದಾರಿ ಅಲ್ಲಿವರೆಗೆ ಯಾರೂ ಮಾಡದೇ ಇದ್ದಿದ್ದು. ಮಧ್ಯ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸಮುದ್ರ ಸೀಳ್ಕೊಂಡು ಎಣ್ಣೆ ಹಡಗನ್ನ ಪಶ್ಚಿಮ ಅಲಾಸ್ಕಾದ ಊರಿಗೆ ತರೋದು. ಸಿಟ್ನಾಸುವಾಕ್ ಆ ದಾರಿನೇ ಹಿಡೀತು. ವೈಟಸ್ ಮರೀನ್ ಅನ್ನೋ ಅಲಾಸ್ಕಾದ ಕಂಪನಿ ಮೂಲಕ ರೆಂಡಾ ಅನ್ನೋ ರಷ್ಯಾದ ಟ್ಯಾಂಕರ್ ಗೊತ್ತು ಮಾಡಿದ್ರು. 370 ಅಡಿ ಉದ್ದ, ಮಂಜಿನ ಸಮುದ್ರದಲ್ಲಿ ಓಡಾಡೋಕೇ ಅಂತ ಮೈ ಗಟ್ಟಿ ಮಾಡಿ ಕಟ್ಟಿದ ಹಡಗು. ಆದ್ರೂ ಅದು ತಾನೇ ದಾರಿ ಮಾಡ್ಕೊಂಡು ಹೋಗೋ ಹಡಗಲ್ಲ, ಮುಂದೆ ಯಾರಾದ್ರೂ ಗಡ್ಡೆ ಒಡೆದು ಕೊಟ್ರೆ ಹಿಂದೆ ಬರಬಲ್ಲದು.

ಆ ಒಡೆಯೋ ಕೆಲಸಕ್ಕೆ ಅಮೆರಿಕದ ಕೋಸ್ಟ್ ಗಾರ್ಡ್ ಹತ್ರ ಆಗ ನಡೆಯೋ ಸ್ಥಿತಿಯಲ್ಲಿ ಇದ್ದ ಧ್ರುವಪ್ರದೇಶದ ಐಸ್‌ಬ್ರೇಕರ್ ಒಂದೇ, ಹೀಲಿ. ಇನ್ನೆರಡು ದೊಡ್ಡವು ಇದ್ವು, ಪೋಲಾರ್ ಸೀ ಎಂಜಿನ್ ಕೆಟ್ಟು 2010ರಿಂದ ಮೂಲೆ ಸೇರಿತ್ತು, ಪೋಲಾರ್ ಸ್ಟಾರ್ ರಿಪೇರಿಯಲ್ಲಿತ್ತು. ಇಷ್ಟು ದೊಡ್ಡ ದೇಶ, ಉತ್ತರದಲ್ಲಿ ಇಷ್ಟುದ್ದ ಕರಾವಳಿ, ಕೊನೆಗೆ ಉಳಿದಿದ್ದು ಒಂದು ಹಡಗು. ಆ ಹೀಲಿನೂ ಸಂಶೋಧನೆ ಕೆಲಸ ಮುಗಿಸಿ ಸಿಯಾಟಲ್‌ಗೆ ವಾಪಸ್ ಹೋಗೋ ಹೊತ್ತು, ಸಿಬ್ಬಂದಿ ಎಷ್ಟೋ ತಿಂಗಳಿಂದ ಮನೆ ಮುಖ ನೋಡಿರಲಿಲ್ಲ, ಹಬ್ಬಕ್ಕೆ ಮನೆಗೆ ಹೋಗ್ತೀವಿ ಅಂದ್ಕೊಂಡಿದ್ದವರನ್ನ ನಿಲ್ಲಿಸಿಕೊಂಡ್ರು. ನಿಂತ್ರು. ಅವರ ಈ ಪಾಲನ್ನ ಯಾರೂ ಮರೀಬಾರದು ಅನ್ನೋದು ನನ್ನ ಆಸೆ.

ಇಲ್ಲೊಂದು ಕಾನೂನಿನ ತೊಡಕು ಬಂತು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ರೆಂಡಾ ಡೀಸೆಲ್ ತುಂಬಿಕೊಂಡಿದ್ದು ದಕ್ಷಿಣ ಕೊರಿಯಾದಲ್ಲಿ. ವಿದೇಶಿ ಬಂದರಿಂದ ವಿದೇಶಿ ಹಡಗು ಅಮೆರಿಕಕ್ಕೆ ಸರಕು ತಂದ್ರೆ ಕಾನೂನಿನ ಅಡ್ಡಿ ಇಲ್ಲ. ಪೆಟ್ರೋಲನ್ನ ಜಪಾನಲ್ಲಿ ತುಂಬಿಕೊಳ್ಳೋ ಪ್ಲಾನ್ ಇತ್ತು, ಹವಾಮಾನ ಕೆಟ್ಟು ಅದು ಆಗ್ಲಿಲ್ಲ, ಹಂಗಾಗಿ ಅಲಾಸ್ಕಾದ್ದೇ ಡಚ್ ಹಾರ್ಬರ್‌ಗೆ ಬಂದು ತುಂಬಿಕೊಳ್ಳೋದು ಅಂತಾಯ್ತು. ಅಲ್ಲೇ ಸಿಕ್ಕಿಕೊಳ್ತು. 1920ರ ಜೋನ್ಸ್ ಆಕ್ಟ್ ಪ್ರಕಾರ ಅಮೆರಿಕದ ಒಂದು ಬಂದರಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸೋ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಒಡೆತನ ಅವರದ್ದೇ, ಕೆಲಸದವರೂ ಅಲ್ಲಿಯವರೇ. ಡಚ್ ಹಾರ್ಬರಿಂದ ನೋಮ್ ಅಂದ್ರೆ ಸರಿಯಾಗಿ ಆ ಕಾನೂನಿನ ಬಾಯಿಗೇ ಬಿದ್ದ ಹಾಗೆ. ಅಲಾಸ್ಕಾದ ಸೆನೆಟರ್‌ಗಳು ಬೆನ್ನು ಬಿದ್ದು ಕೇಳಿದ್ರು, ಡಿಸೆಂಬರ್ ಕೊನೆಗೆ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಈ ಒಂದು ಟ್ರಿಪ್ಪಿಗೆ ಅಂತ ವಿನಾಯಿತಿ ಕೊಡ್ತು. ಹಡಗು ಸಮುದ್ರದಲ್ಲಿ ಇರೋವಾಗ ಈ ಪೇಪರ್ ಕೆಲಸ ನಡೀತಿತ್ತು. ಪರ್ಮಿಷನ್ ಎಲ್ಲ ಕೈಗೆ ಬರ್ಲಿ ಆಮೇಲೆ ಹಡಗು ಕರೆಸೋಣ ಅಂತ ಕೂತಿದ್ದಿದ್ರೆ ಜನವರಿ ಹೋಗಿ ಫೆಬ್ರವರಿ ಆಗ್ತಿತ್ತು, ಮಂಜುಗಡ್ಡೆ ಇನ್ನೂ ದಪ್ಪ ಆಗ್ತಿತ್ತು. ಈ ಪ್ರಕರಣದ ನಿಜವಾದ ಗಟ್ಟಿ ನಿರ್ಧಾರ ಇದೇ ಅಂತ ನನಗೆ ಅನ್ಸುತ್ತೆ. ಸ್ಟಾಕ್ ಇನ್ನೂ ಮೂರ್ನಾಲ್ಕು ತಿಂಗಳಿಗೆ ಇದ್ದಾಗಲೇ ಅವರು ಎದ್ದು ಓಡಾಡಿದ್ರು, ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಹೋಗ್ಲಿಲ್ಲ.

ಜನವರಿ 3, 2012ಕ್ಕೆ ಡಚ್ ಹಾರ್ಬರಿಂದ ಹೊರಟ್ರು. ಮೂರು ದಿನಕ್ಕೆಲ್ಲ ಮಂಜುಗಡ್ಡೆ ಶುರು. ಮುಂದೆ ಸುಮಾರು 300 ಮೈಲಿ ಗಡ್ಡೆಯ ಸಮುದ್ರ.

ಐಸ್‌ಬ್ರೇಕರ್ ಮುಂದೆ ಹೋಗಿ ದಾರಿ ಸೀಳಿಬಿಟ್ರೆ ಟ್ಯಾಂಕರ್ ಆರಾಮಾಗಿ ಹಿಂದೆ ಹೋಗುತ್ತೆ ಅಂತ ನಾನೂ ಮೊದಲು ಅಂದ್ಕೊಂಡಿದ್ದೆ. ಹಂಗಲ್ಲ. ಸಮುದ್ರದ ಗಡ್ಡೆ ಒಂದು ಕಡೆ ನಿಲ್ಲಲ್ಲ, ಗಾಳಿ ಮತ್ತು ನೀರಿನ ಸೆಳೆತಕ್ಕೆ ಮೈಲಿಗಟ್ಟಲೆ ಹಾಳೆ ಒಟ್ಟಿಗೆ ಜರುಗ್ತಾ ಇರುತ್ತೆ. ಹೀಲಿ ಒಂದು ಗೆರೆ ಸೀಳಿ ಮುಂದೆ ಹೋದ್ರೆ ಎರಡೂ ಕಡೆಯ ಹಾಳೆ ಒತ್ಕೊಂಡು ಬಂದು ಆ ಗೆರೆ ಮುಚ್ಚಿಬಿಡ್ತಿತ್ತು, ಹಿಂದೆ ಬರ್ತಿದ್ದ ರೆಂಡಾ ಇಕ್ಕಳದಲ್ಲಿ ಸಿಕ್ಕಿದ ಹಾಗೆ ನಿಂತುಬಿಡ್ತಿತ್ತು. ಆಗ ಹೀಲಿ ವಾಪಸ್ ತಿರುಗಿ ಬರಬೇಕು, ರೆಂಡಾ ಪಕ್ಕದಲ್ಲೇ ಇನ್ನೊಂದು ಗೆರೆ ಸೀಳಬೇಕು, ಒತ್ತಡ ಆ ಹೊಸ ಗೆರೆ ಕಡೆ ಹೋಗಿ ರೆಂಡಾ ಮೈ ಸಡಿಲ ಆಗುತ್ತೆ, ಆಗ ಮತ್ತೆ ಹೊರಡಬೇಕು, ಸ್ವಲ್ಪ ಹೋದ ಮೇಲೆ ಮತ್ತೆ ಅದೇ. 420 ಅಡಿ ಉದ್ದದ ಹಡಗನ್ನ ಇನ್ನೊಂದು ಹಡಗಿನ ಮೈಗೆ ಅಷ್ಟು ಹತ್ರ ತಗೊಂಡು ಹೋಗೋದು, ಆ ಇನ್ನೊಂದರ ಹೊಟ್ಟೆ ತುಂಬ ಡೀಸೆಲ್ಲು ಪೆಟ್ರೋಲು, ಎರಡು ಕಡೆಯವರ ಭಾಷೆ ಬೇರೆ ಬೇರೆ. ಕೆಲವು ದಿನ ಪೂರ್ತಿ ದುಡಿದ್ರೂ ಮುಂದೆ ಹೋಗಿದ್ದು ಕೆಲವೇ ಮೈಲಿ. ಹೀಲಿ ಕ್ಯಾಪ್ಟನ್ ಬೆವರ್ಲಿ ಹ್ಯಾವ್ಲಿಕ್, ಅವರ ಜೊತೆಯವರು ಈ ಹಿಂದೆ ಮುಂದೆ ಕೆಲಸನ ಒಂದು ವಾರದ ಮೇಲೆ ಮಾಡಿದ್ರು.

ಗಡ್ಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಒಂದರ ಮೇಲೊಂದು ಹತ್ತಿ ದಿಬ್ಬ ಆಗಿದೆ ಅಂತ ನೋಡೋಕೆ ಉಪಗ್ರಹದ ಚಿತ್ರ ಇತ್ತು, ನೋಮ್ ದಡದ ಹತ್ರ ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ವಿಶ್ವವಿದ್ಯಾಲಯದವರು ಒಂದು ಸಣ್ಣ ಡ್ರೋನ್ ಹಾರಿಸಿ ಫೋಟೋ ತೆಗೆದ್ರು. ಈಗ ಮದುವೆಮನೆಗೂ ಡ್ರೋನ್ ಬರುತ್ತೆ, 2012ರಲ್ಲಿ ಆ ಚಳಿಯಲ್ಲಿ ಅದು ದೊಡ್ಡ ವಿಷಯ.

ಜನವರಿ 14ರ ಹೊತ್ತಿಗೆ ರೆಂಡಾ ನೋಮ್ ಮುಂದೆ ಬಂದು ನಿಲ್ತು, ದಡಕ್ಕೆ ಅರ್ಧ ಮೈಲಿಗಿಂತ ಕಡಿಮೆ ದೂರ. ಊರಿನ ದೀಪ ಕಾಣ್ತಿತ್ತು, ಆದ್ರೆ ಬಂದರೊಳಗೆ ಹೋಗೋಕಾಗಲ್ಲ, ಮಧ್ಯ ಗಟ್ಟಿ ಗಡ್ಡೆ, ಕೆಳಗೆ ನೀರಿನ ಆಳನೂ ಸಾಲದು. ಇನ್ನುಳಿದಿದ್ದು ಹೋಸ್ ಎಳೆಯೋ ಕೆಲಸ. ನಾನು ಈ ಇಡೀ ಪ್ರಕರಣದಲ್ಲಿ ತುಂಬ ಹೊತ್ತು ನಿಂತು ಯೋಚಿಸಿದ ಭಾಗ ಇದು, ಯಾಕಂದ್ರೆ ಐಸ್‌ಬ್ರೇಕರ್ ನಾನು ನೋಡಿಲ್ಲ, ಹೋಸ್ ದಿನಾ ನೋಡ್ತೀನಿ.

ಹಡಗು ಬಂದು ನಿಂತ ತಕ್ಷಣ ಹೋಸ್ ಎಳೀಲಿಲ್ಲ, ಕಾದ್ರು. ಹಡಗು ಬರೋವಾಗ ಸುತ್ತ ಗಡ್ಡೆ ಒಡೆದು ಚೂರಾಗಿರುತ್ತೆ, ಆ ಚೂರುಗಳ ಮೇಲೆ ಜನ ನಡೆಯೋ ಹಾಗಿಲ್ಲ, ಹೋಸ್ ಹಾಸೋ ಹಾಗೂ ಇಲ್ಲ. ಅದು ಮತ್ತೆ ಹೆಪ್ಪುಗಟ್ಟಿ ಹಡಗನ್ನ ಗಟ್ಟಿ ಹಿಡಿದುಕೊಳ್ಳೋವರೆಗೆ ಹನ್ನೆರಡು ಗಂಟೆ ಹತ್ರ ಬಿಟ್ರು. ಒಂದು ವಾರದ ಮೇಲೆ ಯಾವ ಗಡ್ಡೆ ಜೊತೆ ಗುದ್ದಾಡಿದ್ರೋ ಅದೇ ಈಗ ಅವರಿಗೆ ನೆಲ. ಆಮೇಲೆ ಏರುಪೇರು ಇದ್ದ ಕಡೆ ಗಡ್ಡೆ ಸವರಿ ದಾರಿ ಮಾಡಿ ಎರಡು ಹೋಸ್ ಅಕ್ಕಪಕ್ಕ ಹಾಸಿದ್ರು, ಒಂದೊಂದು ಸುಮಾರು 700 ಗಜ, ಅಂದ್ರೆ 640 ಮೀಟರ್ ಹತ್ರ. ಅದು ದಡದಿಂದ ಚಾಚಿಕೊಂಡಿರೋ ಕಲ್ಲಿನ ಕಟ್ಟೆ ಮೇಲಿನ ಪೈಪ್‌ಲೈನ್ ಬಾಯಿಗೆ ಸೇರುತ್ತೆ, ಅಲ್ಲಿಂದ ಊರಿನ ಟ್ಯಾಂಕುಗಳಿಗೆ.

ಎಣ್ಣೆ ಬಿಡೋ ಮುಂಚೆ ಗಾಳಿ ಒತ್ತಿ ಪರೀಕ್ಷೆ ಮಾಡಿದ್ರು, ಜಾಯಿಂಟ್‌ಗಳಲ್ಲಿ ಎಲ್ಲಾದ್ರೂ ಸೋರುತ್ತಾ ಅಂತ. ಮೊದಲ ಸಲ ಎಣ್ಣೆ ಬಿಡೋದು ಬೆಳಕಿರೋವಾಗಲೇ ಆಗಬೇಕು ಅಂತ ನಿಯಮ ಇತ್ತು, ಶುರುವಾದ ಮೇಲೆ ರಾತ್ರಿಯೆಲ್ಲ ನಡೆಸಬಹುದು. ಜನವರಿ ಮಧ್ಯದಲ್ಲಿ ನೋಮ್‌ನಲ್ಲಿ ಹಗಲು ಐದು ಗಂಟೆ ಹತ್ರ ಅಷ್ಟೇ, ಹಂಗಾಗಿ ಒಂದು ಸಣ್ಣ ಕೆಲಸ ತಡ ಆದ್ರೂ ಆವತ್ತಿನ ಬೆಳಕು ಹೋಯ್ತು. 16ನೇ ತಾರೀಕು ಪಂಪ್ ಶುರು ಆಯ್ತು. ಅಲ್ಲಿಂದ ಮುಗಿಯೋವರೆಗೆ ಪ್ರತಿ ಅರ್ಧ ಗಂಟೆಗೆ ಒಂದು ಸಲ ಹೋಸ್ ಉದ್ದಕ್ಕೂ ಜನ ನಡೆದು ನೋಡಬೇಕು. ಹೋಸ್‌ನ ಒಂದೊಂದು ತುಂಡಿನ ಜಾಗದಲ್ಲೂ ಸೋರಿದ್ರೆ ಹಿಡಿದುಕೊಳ್ಳೋ ವ್ಯವಸ್ಥೆ, ಹೀರಿಕೊಳ್ಳೋ ಸಾಮಾನು ಪಕ್ಕದಲ್ಲೇ ಇಟ್ಟಿದ್ರು. ಸ್ವಲ್ಪ ಊಹಿಸ್ಕೊಳ್ಳಿ, ಕಾಲ ಕೆಳಗೆ ಗಡ್ಡೆ, ಅದರ ಕೆಳಗೆ ಸಮುದ್ರ, ಮುಖಕ್ಕೆ ಹೊಡೆಯೋ ಗಾಳಿ, ಕೈಯಲ್ಲಿ ಟಾರ್ಚ್, ಅರ್ಧ ಗಂಟೆಗೊಂದು ಸಲ ಆ ಕಡೆಯಿಂದ ಈ ಕಡೆಗೆ ಹೋಸ್ ಮೇಲೆ ಕಣ್ಣಿಟ್ಟು ನಡೆಯೋದು, ಮೂರು ದಿನ ರಾತ್ರಿ ಹಗಲು. ಬೇರಿಂಗ್ ಸಮುದ್ರದಲ್ಲಿ ಆ ಜನರ ಮೀನು, ಸೀಲ್, ಏಡಿ ಇದೆ, ಚಳಿಗಾಲದಲ್ಲಿ ಗಡ್ಡೆಗೆ ತೂತು ಮಾಡಿ ಏಡಿ ಹಿಡಿಯೋರು ಅದೇ ಊರಲ್ಲಿದ್ದಾರೆ. ಗಡ್ಡೆ ಕೆಳಗೆ ಎಣ್ಣೆ ಹೋದ್ರೆ ತೆಗೆಯೋ ದಾರಿ ಇಲ್ಲ ಅಂತ ಹೇಳಬಹುದು, ಅದು ಗಡ್ಡೆ ಅಡಿಗೆ ಅಂಟಿಕೊಂಡು ಎಲ್ಲೆಲ್ಲೋ ಹೋಗುತ್ತೆ. ಹಂಗಾಗಿ ಆ ಅರ್ಧ ಗಂಟೆಯ ನಡಿಗೆ ಸುಮ್ಮನೆ ಫಾರ್ಮಾಲಿಟಿ ಅಲ್ಲ.

19ಕ್ಕೆ ಎಣ್ಣೆ ಇಳಿಸಿ ಮುಗೀತು. 13 ಲಕ್ಷ ಗ್ಯಾಲನ್. ಮರುದಿನ ಎರಡೂ ಹಡಗು ವಾಪಸ್ ಹೊರಟ್ವು, ಗಡ್ಡೆ ದಾಟಿ ತೆರೆದ ನೀರು ಕಾಣೋಕೆ ಅವರಿಗೆ ಇನ್ನೂ ಒಂದು ವಾರದ ಮೇಲೆ ಹಿಡೀತು, ಆ ಭಾಗ ಅಷ್ಟಾಗಿ ಯಾರೂ ಬರೀಲಿಲ್ಲ, ಎಣ್ಣೆ ಬಂದಾಯ್ತಲ್ಲ.

ಈಗ ತಪ್ಪೆಲ್ಲಿ ಅನ್ನೋ ಪ್ರಶ್ನೆ. ಬಿರುಗಾಳಿ ಬಂತು ಅದಕ್ಕೇ ಹಿಂಗಾಯ್ತು ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಬಿರುಗಾಳಿ ಬೇರಿಂಗ್ ಸಮುದ್ರಕ್ಕೆ ಹೊಸದಾ? ಶರತ್ಕಾಲದಲ್ಲಿ ಅಲ್ಲಿ ಬಿರುಗಾಳಿ ಏಳೋದು ನಮ್ಮಲ್ಲಿ ಜೂನಿಗೆ ಮಳೆ ಬಂದ ಹಾಗೆ. ವರ್ಷದ ಕೊನೇ ಸರಕನ್ನ ಬಾಗಿಲು ಮುಚ್ಚೋ ಕೊನೇ ವಾರಗಳಿಗೆ ಇಟ್ಟಿದ್ದೇ ಮೊದಲ ಸಮಸ್ಯೆ. ಯಾಕೆ ಇಡ್ತಾರೆ ಅಂದ್ರೆ ಅದಕ್ಕೂ ಕಾರಣ ಇದೆ, ಟ್ಯಾಂಕ್ ಇರೋದೇ ಅಷ್ಟು, ಮೊದಲು ತಂದದ್ದು ಸ್ವಲ್ಪ ಖರ್ಚಾದ್ರೆ ತಾನೇ ಮತ್ತೆ ತುಂಬೋಕೆ ಜಾಗ ಸಿಗೋದು, ಚಳಿಗಾಲ ಶುರುವಾಗೋ ಹೊತ್ತಿಗೆ ಟ್ಯಾಂಕ್ ಕಂಠಪೂರ್ತಿ ಇರ್ಲಿ ಅಂತ ಕೊನೇ ಬಾರ್ಜನ್ನ ಹಿಂದಕ್ಕೆ ತಳ್ತಾರೆ. ಲೆಕ್ಕ ಸರಿನೇ, ಬಾರ್ಜ್ ಹೇಳಿದ ದಿನ ಬಂದ್ರೆ ಮಾತ್ರ. ಇನ್ನೂ ಎರಡು ದೊಡ್ಡ ಟ್ಯಾಂಕ್ ಕಟ್ಟೋಕೆ ಆಗೋ ಖರ್ಚು ಮತ್ತೆ ಒಂದು ಚಳಿಗಾಲದಲ್ಲಿ ಹಡಗು, ಐಸ್‌ಬ್ರೇಕರ್ ಎಲ್ಲ ಕರೆಸೋ ಖರ್ಚು ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಸ್ಟಾಕ್ ನೋಡೋನಾಗಿ ನಾನು ಹೇಳ್ತೀನಿ. ಐಸ್‌ಬ್ರೇಕರ್ ಇದೆಯಲ್ಲ ಅನ್ನೋ ಧೈರ್ಯದ ಮೇಲೆ ಪ್ಲಾನ್ ಮಾಡೋಕಾಗಲ್ಲ, ಆ ವರ್ಷ ಹೀಲಿ ಬೇರೆ ಕಡೆ ಇದ್ದಿದ್ರೆ ಅಥವಾ ಅದರ ಎಂಜಿನ್ನೂ ಕೆಟ್ಟಿದ್ರೆ ಈ ದಾರಿನೇ ಇರ್ತಿರ್ಲಿಲ್ಲ. 2020ರ ಆಗಸ್ಟಲ್ಲಿ ಹೀಲಿಯ ಮೋಟರಿಗೇ ಬೆಂಕಿ ಬಿದ್ದು ಅದು ಕೆಲಸ ಅರ್ಧಕ್ಕೆ ನಿಲ್ಲಿಸಿ ವಾಪಸ್ ಹೋಗಬೇಕಾಯ್ತು.

ನೋಮ್‌ಗೆ ಇದು ಮೊದಲನೇ ಸಲ ಏನಲ್ಲ. 1925ರ ಜನವರಿಯಲ್ಲಿ ಊರಲ್ಲಿ ಡಿಫ್ತೀರಿಯಾ ಹಬ್ಬಿದಾಗಲೂ ಸಮುದ್ರ ಮುಚ್ಚಿತ್ತು, ಔಷಧಿ ನೆನಾನಾ ರೈಲ್ವೆ ಸ್ಟೇಷನ್ನಿಂದ ನಾಯಿಗಾಡಿ ಮೇಲೆ 674 ಮೈಲಿ ಬಂತು, ಇಪ್ಪತ್ತು ಜನ ಒಬ್ಬರಿಂದ ಒಬ್ಬರಿಗೆ ದಾಟಿಸ್ತಾ ಐದೂವರೆ ದಿನದಲ್ಲಿ ತಂದು ಮುಟ್ಟಿಸಿದ್ರು. ಔಷಧಿಯ ಪೆಟ್ಟಿಗೆ ಒಂಬತ್ತು ಕೆಜಿ ಹತ್ರ, ನಾಯಿ ಎಳೀಬಹುದು. 49 ಲಕ್ಷ ಲೀಟರ್ ಎಳೆಯೋಕೆ ಆಗಲ್ಲ.

ಆಮೇಲೆ ಏನಾಯ್ತು ಅಂತ ನೋಡಿದ್ರೆ, ನೋಮ್ ಬಂದರು ದೊಡ್ಡದು ಮಾಡಬೇಕು ಅನ್ನೋ ಮಾತು ಮೊದಲಿಂದ ಇದ್ದಿದ್ದು ಗಟ್ಟಿ ಆಯ್ತು. 2020ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಡ್ತು, 2022ರ ಜನವರಿಯಲ್ಲಿ 25 ಕೋಟಿ ಡಾಲರ್ ಇದಕ್ಕೆ ಅಂತ ಇಟ್ರು. ಈಗ ಸುಮಾರು 22 ಅಡಿ ಇರೋ ಹೊರಬಂದರಿನ ಆಚೆ 40 ಅಡಿ ಆಳದ ಜಾಗ ಮಾಡೋ ಯೋಜನೆ. 2024ರಲ್ಲಿ ಟೆಂಡರ್ ಬೆಲೆ ತೀರ ಜಾಸ್ತಿ ಬಂತು ಅಂತ ಕ್ಯಾನ್ಸಲ್ ಮಾಡಿ ಮತ್ತೆ ಶುರು ಮಾಡಬೇಕಾಯ್ತು. ಆಳ ಆದ್ರೆ ದೊಡ್ಡ ಟ್ಯಾಂಕರ್ ಸೀದಾ ಕಟ್ಟೆಗೆ ಬರಬಹುದು, ಬೇಸಿಗೆಯ ಆ ಕೆಲವು ತಿಂಗಳಲ್ಲೇ ಜಾಸ್ತಿ ಎಣ್ಣೆ ಒಂದೇ ಸಲ ಇಳಿಸಬಹುದು, ದಡದ ಟ್ಯಾಂಕ್‌ಗಳು ಅಷ್ಟು ಹಿಡಿಸೋ ಹಾಗಿದ್ರೆ. ಈ ಮಧ್ಯೆ 2022ರ ಸೆಪ್ಟೆಂಬರಲ್ಲಿ ಮೆರ್ಬೋಕ್ ಚಂಡಮಾರುತದ ಉಳಿಕೆ ಬಂದು ಅದೇ ಕರಾವಳಿನ ಮತ್ತೆ ಹೊಡೀತು, ನೋಮ್‌ನಿಂದ ಕೌನ್ಸಿಲ್ ಕಡೆ ಸಮುದ್ರದ ಪಕ್ಕದಲ್ಲೇ ಹೋಗೋ ರೋಡ್ ಕಿತ್ತುಹೋಯ್ತು. ಸೆಪ್ಟೆಂಬರ್ ಆದ್ದರಿಂದ ಬಾರ್ಜ್‌ಗಳಿಗೆ ಇನ್ನೂ ಒಂದೂವರೆ ಎರಡು ತಿಂಗಳು ಟೈಮ್ ಇತ್ತು.